ಅಳಿಲಿಗೆ ಯಾವ ಪಸ್ಕ?

ಒಂದೂರಲ್ಲಿ ಒಬ್ಬಳು ಗೃಹಿಣಿ ಇದ್ದಳು. ಶ್ರೀಮಂತೆಯಲ್ಲ, ಬಡವಿಯೂ ಅಲ್ಲ. ಕಣ್ಣು ಬಿಟ್ಟ ಕೂಡಲೇ ಒಲೆ ನೆನಪಾಗುವ, ನಿಮ್ಮಂಥ ಹೆಂಗಸು. ಸಮುದ್ರದ ಕಡೆಯ ಊರಿನ ಯೆಹೂದ್ಯರ ಮನೆ ಅದು. ಹಿತ್ತಿಲಲ್ಲಿ ಒಂದು ನುಗ್ಗೆಮರ, ಪಕ್ಕದ ಗೋಡೆಯ ಬಿರುಕಿನಲ್ಲಿ ಒಂದು ಅಳಿಲಿನ ಸಂಸಾರ.

ಪಸ್ಕ ಹಬ್ಬ ಹತ್ತಿರ ಬಂದಿತ್ತು. ಪಸ್ಕ ಎಂದರೆ ಏನು, ಗೊತ್ತಲ್ಲ? ಯೆಹೂದ್ಯರ ಪೂರ್ವಿಕರು ಈಜಿಪ್ಟಿನಲ್ಲಿ ಅರಸನಿಗೆ ಇಟ್ಟಿಗೆ ಮಾಡುವ ಗುಲಾಮರಾಗಿದ್ದರು. ಬಿಡುಗಡೆ ಸಿಕ್ಕ ದಿನ ಹಿಟ್ಟು ಹುಳಿ ಬರುವಷ್ಟು ಹೊತ್ತೂ ನಿಲ್ಲದೆ ಹೊರಟುಬಿಟ್ಟರು. ಆ ನೆನಪಿಗಾಗಿ ಹಬ್ಬದಲ್ಲಿ ಹುಳಿಯಿಲ್ಲದ ರೊಟ್ಟಿಯನ್ನೇ ತಿನ್ನಬೇಕು. ದಿನದ ಬ್ರೆಡ್ಡು, ಚಪಾತಿ, ಯಾವುದರ ಚೂರೂ ಮನೆಯಲ್ಲಿ ಇರಕೂಡದು; ಹಿಟ್ಟು ಕಲಸಿ ನೆನೆಯಲು ಬಿಟ್ಟರೆ ಸಾಕು, ಚಪಾತಿಯೂ ಹುಳಿಯ ಲೆಕ್ಕಕ್ಕೇ ಸೇರುತ್ತದೆ.

ಸರಿ, ಇವಳು ಶುರುಮಾಡಿದಳು. ಡಬ್ಬಿ ಕೊಡವಿದಳು, ಹಾಸಿಗೆ ಬಡಿದಳು, ತಲೆಪಿನ್ನು ಹಿಡಿದು ಮೇಜಿನ ಸಂದುಗಳನ್ನು ಕೆದಕಿದಳು. ಆಮೇಲೆ ಆಜ್ಞೆ ಹೊರಟಿತು: "ಒಳಗೆ ಯಾರೂ ಚಪಾತಿ ಮುಟ್ಟಬಾರದು. ತಿನ್ನೋದಿದ್ರೆ ಹಿತ್ತಿಲಿಗೆ ಹೋಗಿ!"

ತಪ್ಪೇನಿದೆ? ಅಂಥ ಮನೆಗಳಲ್ಲಿ ಎಲ್ಲರೂ ಮಾಡುವುದೇ. ಗಂಡ, ಅತ್ತೆ, ಪುಟ್ಟ ಮಗಳು, ಮೂವರೂ ತಟ್ಟೆ ಹಿಡಿದು ಹಿತ್ತಿಲಿಗೆ ಹೋದರು. ಮೊದಲ ದಿನ ಮುಖ ಊದಿಸಿಕೊಂಡು ತಿಂದರು. ಎರಡನೆಯ ದಿನ ಅಳಿಲು ಬಂತು. ಆಮೇಲೆ ಪಿಕಳಾರ ಹಕ್ಕಿಗಳ ಜೋಡಿ ಬಂತು. ಅದರ ಹಿಂದೆಯೇ ಒಂದು ಕೆಂಬೂತ, ಬಾಡಿಗೆ ವಸೂಲಿಗೆ ಬಂದ ಮನೆಯ ಯಜಮಾನನ ಹಾಗೆ, ಗತ್ತಿನಿಂದ ನಡೆದುಕೊಂಡು ಬಂತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗು ಒಳಗೆ ಕೇಳುತ್ತಿತ್ತು. ನೋಡಿ, ಅದು ಅವಳ ಊಟದ ಮೇಜಿನ ಸುತ್ತ ಇದ್ದ ನಗು. ಈಗ ಗೋಡೆಯ ಆಚೆಗಿದೆ. ಇವಳು ಈಚೆಗೆ, ಒದ್ದೆ ಬಟ್ಟೆ ಹಿಡಿದು.

ಒಂದು ಮಧ್ಯಾಹ್ನ ಮಗಳು ಕಿಟಕಿಯ ಹತ್ತಿರ ಬಂದಳು. "ಅಮ್ಮಾ, ಹಬ್ಬ ಯಾವಾಗ ಮುಗಿಯತ್ತೆ?"

"ಇನ್ನೂ ಶುರುವೇ ಆಗಿಲ್ವಲ್ಲೇ!"

"ಮುಗಿದ ಮೇಲೆ ನೀನು ಬೈಯಲ್ಲ ಅಲ್ವಾ?"

ಅವಳ ಕೈ ನಿಂತಿತು. ಆದರೂ ಆ ಕೈ ಮತ್ತೆ ಒರೆಸತೊಡಗಿತು. ನಮ್ಮ ಕೈಗಳೂ ಹಾಗೇ ಅಲ್ಲವೇ? ಮನಸ್ಸು ಸಾಕು ಎಂದರೂ ಕೈ ಬಿಡುವುದಿಲ್ಲ.

ಹಬ್ಬದ ಹಿಂದಿನ ದಿನ. ಎಲ್ಲ ಮುಗಿದಿತ್ತು. ಹಬ್ಬಕ್ಕೆಂದೇ ತೆಗೆದಿಟ್ಟ ತಟ್ಟೆಗಳು ಹಲಗೆಯ ಮೇಲೆ ಹೊಳೆಯುತ್ತಿದ್ದವು. ಇವಳು ಹಿಂತಿರುಗಿ ನೋಡುತ್ತಾಳೆ, ಆ ತಟ್ಟೆಗಳ ನಡುವೆ ಅಳಿಲು! ಬಾಯಲ್ಲಿ ಚಪಾತಿ ಚೂರು!

ಇವಳು ಕಿರುಚಿದಳು. ಅಳಿಲು ಚೂರು ಉದುರಿಸುತ್ತ ಕಿಟಕಿಯಿಂದ ಹಾರಿ ಗೋಡೆಯ ಬಿರುಕಿಗೆ ನುಗ್ಗಿತು. ಇವಳು ಕೋಲು ಹಿಡಿದು ಹಿತ್ತಿಲಿಗೆ ಓಡಿದಳು. ಅತ್ತೆ ಗೋಡೆಗೆ ಅಡ್ಡ ನಿಂತರು.

"ಸರೀರಿ ಅತ್ತೆ! ಗೂಡು ತುಂಬ ಚಪಾತಿ ಇದೆ, ನಮ್ಮ ಗೋಡೆಯಲ್ಲಿ!"

"ಮರಿಗಳಿವೆ ಕಣಮ್ಮ ಒಳಗೆ. ಅಳಿಲಿಗೆ ಯಾವ ಪಸ್ಕ? ಈಜಿಪ್ಟ್ ಬಿಟ್ಟು ಬಂದಿದ್ದು ನಾವು, ಅದಲ್ಲ."

"ಹಲಗೆ ಮೇಲೆಲ್ಲ ಚೂರು ಬಿತ್ತಲ್ಲ!"

"ಒರೆಸಿದ್ರಾಯ್ತು. ಯಾವ ಪ್ರಾಣಿ ಎಲ್ಲಿಂದ ಎಲ್ಲಿಗೆ ಎಳೀತು ಅಂತ ಹುಡುಕ್ತಾ ಹೋದ್ರೆ ಅದಕ್ಕೆ ಕೊನೆಯೇ ಇಲ್ಲ ಅಂತ ನಮ್ಮ ಹಿರಿಯರು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ." ಅತ್ತೆ ಸೊಸೆಯ ಕೈ ಹಿಡಿದುಕೊಂಡರು. "ನೋಡು ಮಗಳೇ, ನಾವು ಮೂರೂ ಜನ ಹೊರಗೆ ಬಂದು ಕೂತಿದ್ದೀವಿ. ನೀನೊಬ್ಬಳೇ ಇನ್ನೂ ಒಳಗೆ ಇಟ್ಟಿಗೆ ಹೊರ್ತಾ ಇದ್ದೀಯ."

ಗಂಡ ಕಿಸಕ್ಕನೆ ನಕ್ಕ. ಮುದುಕಿ ಬಿಟ್ಟಾಳೇ? "ನೀನೇನೋ ನಗೋದು? ಅವಳು ಹೊರೋವಾಗ ಇಲ್ಲಿ ಕೂತು ಕೆಂಬೂತ ನೋಡ್ತಿದ್ದೆ. ಏಳು, ಹಲಗೆ ಒರೆಸು ಹೋಗು!"

ಕೋಲು ಕೈಯಿಂದ ಜಾರಿತು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಮಗಳು ತನ್ನ ಅರ್ಧ ಚಪಾತಿಯನ್ನು ಅಮ್ಮನ ಕೈಗಿಟ್ಟಳು. ಅಮ್ಮ ತಿಂದಳು. ಚೂರು ಮಡಿಲಿಗೆ ಬಿತ್ತು, ಕೊಡವಲಿಲ್ಲ. ಬಿರುಕಿನಿಂದ ಅಳಿಲಿನ ತಲೆ ಇಣುಕಿತು, ಮೆಲ್ಲಗೆ ಕೆಳಗಿಳಿಯಿತು. ಮಗಳು ಅಳಿಲನ್ನು ನೋಡುತ್ತಿರಲಿಲ್ಲ, ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಆ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹಬ್ಬದ ಮುನ್ನಾದಿನದ ಸಂಜೆ, ಎಲ್ಲಾದರೂ ಚೂರು ಉಳಿದಿದೆಯೇ ಎಂದು ದೀಪ ಹಿಡಿದು ಮನೆಯೆಲ್ಲ ಹುಡುಕುತ್ತಾರೆ. ಹುಡುಕಿದ್ದು ವ್ಯರ್ಥವಾಗಬಾರದೆಂದು ಕೆಲವು ಚೂರುಗಳನ್ನು ತಾವೇ ಅಲ್ಲಲ್ಲಿ ಅಡಗಿಸಿಡುತ್ತಾರೆ. ಆ ಸಂಜೆ ಅವನ್ನು ಅಡಗಿಸಿದವಳು ಈ ತಾಯಿಯೇ. ಒಂದನ್ನು ಕಾಗದದಲ್ಲಿ ಸುತ್ತಿ ಮಗಳ ಚಪ್ಪಲಿಯಲ್ಲೇ ಇಟ್ಟಿದ್ದಳು. ಅದು ಸಿಕ್ಕಾಗ ಮಗು ನಕ್ಕಿತು ನೋಡಿ, ಆ ನಗು ಮನೆಯ ಒಳಗೆ ಕೇಳಿತು.

ಈಗ ಹೇಳಿ, ನಿಮ್ಮ ಮನೆಯಲ್ಲಿ ಆ ಕೋಲು ಯಾರ ಕೈಯಲ್ಲಿದೆ? ಹಬ್ಬ ನಿಮ್ಮದು ಯಾವುದೇ ಇರಲಿ, ನಿಮ್ಮ ಮಕ್ಕಳು ಅದು ಬರಲಿ ಎನ್ನುತ್ತಾರೋ, ಮುಗಿಯಲಿ ಎನ್ನುತ್ತಾರೋ? ಮನೆ ಗುಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಗುಡಿಸಿ, ಒರೆಸಿ, ಆಮೇಲೆ ಬಟ್ಟೆ ಕೆಳಗಿಡಿ. ಗಂಡಸರೇ, ಆ ಬಟ್ಟೆ ನೀವೂ ಹಿಡಿಯಿರಿ. ತಾಯಂದಿರೇ, ದಿನಕ್ಕೆ ಒಂದು ಹೊತ್ತಾದರೂ ಬಡಿಸಿ ನಿಲ್ಲಬೇಡಿ, ಎಲ್ಲರ ಜೊತೆ ಕೂತು ಉಣ್ಣಿ. ಹಿತ್ತಿಲ ಬಾಗಿಲು ತೆರೆದಿರಲಿ.

"ಅಮ್ಮಾ ಬಾ, ಅಳಿಲು ಬಂದಿದೆ" ಎಂದು ಮಗು ಕರೆದರೆ, "ತಡಿ, ಕೆಲಸ ಇದೆ" ಎನ್ನಬೇಡಿ. ಪಾತ್ರೆ ಕಾಯುತ್ತದೆ. ಅಳಿಲು ಕಾಯುವುದಿಲ್ಲ. ಮಗುವೂ ಬಹಳ ವರ್ಷ ಹಾಗೆ ಕರೆಯುವುದಿಲ್ಲ. ಹೋಗಿ.