‘ಹೋಗಿ ಬನ್ನಿ’ ಅಂತ ಬರೆದವಳು

ಚಿಲಕ ಹಾಕಿದ್ದೀರಾ? ಸರಿ, ಹತ್ತಿರ ಕೂತ್ಕೊಳ್ಳಿ. ಜೋರಾಗಿ ಹೇಳೋ ಸಂಗತಿ ಅಲ್ಲ ಇದು. ನಮ್ಮ ದೊಡ್ಡಪ್ಪನ ಮಗಳಿಗೇ ಆದದ್ದು.

ಅವಳು ಅಚ್ಚುಕೂಟದಲ್ಲಿ ಕರಡು ತಿದ್ದೋಳು. ಮನೆಮಂದಿಯೆಲ್ಲ ಅವಳನ್ನ ಕರೆಯೋದೇ ಕಾಗುಣಿತ ಅಂತ. ಮದುವೆ ಪತ್ರಿಕೆ ಕೈಗೆ ಕೊಟ್ಟರೆ ಮೊದಲು ತಪ್ಪು ಹುಡುಕಿ, ಆಮೇಲೆ ‘ಯಾರ ಮದುವೆ?’ ಅನ್ನೋಳು. ಗಂಡ ಹಡಗಿನಲ್ಲಿ ಮೆಕ್ಯಾನಿಕ್, ವರ್ಷದಲ್ಲಿ ಅರ್ಧ ನೀರ ಮೇಲೆ. ಮನೇಲಿ ಅವಳು, ಅವಳ ಅತ್ತೆ, ಇಬ್ಬರೇ.

ಒಂದು ರಾತ್ರಿ ಕೆಲಸ ಮುಗಿಯೋದು ತಡವಾಯ್ತು. ಬಸ್ಸಿಳಿದು ಅವಳ ಬಡಾವಣೆಗೆ ನಡೆಯೋ ದಾರೀಲಿ ಒಂದು ಹಾಳುಬಾವಿ. ಮೇಲೆ ಕಬ್ಬಿಣದ ಸರಳು ಹಾಕಿದ್ದರೂ ಜನ ಸಂದಿಯಲ್ಲಿ ಕಸದ ಚೀಲ ತುರುಕಿ ಹೋಗ್ತಿದ್ದರು. ದಿನಾ ಮೂಗು ಮುಚ್ಚಿಕೊಂಡು ದಾಟೋ ಜಾಗ. ಅವತ್ತು ಮೂಗು ಮುಚ್ಚಿದರೂ ವಾಸನೆ ಬಂತು... ಮೂಗಿನಿಂದಲ್ಲ, ಬಾಯೊಳಗಿಂದ. ಹಳಸಿದ್ದೇನನ್ನೋ ಯಾರೋ ನಾಲಿಗೆ ಮೇಲೆ ಇಟ್ಟ ಹಾಗೆ.

ಹಿಂದೆ ಸದ್ದು. ಪಚಕ್... ಪಚಕ್... ಒದ್ದೆ ರಬ್ಬರ್ ಚಪ್ಪಲಿ ಅಂಗಾಲಿಗೆ ಅಂಟಿ, ಬಿಟ್ಟು, ಮತ್ತೆ ಅಂಟೋ ಸದ್ದು. ಅವಳು ನಿಂತಳು. ಅದೂ ನಿಂತಿತು. ನಡೆದಳು. ಪಚಕ್...

“ಮನೆ ಯಾವುದಮ್ಮ?”

ಪಿಸುಮಾತು. ಕಫ ಕಟ್ಟಿದ ಗಂಟಲು.

“ಯಾರು?” ಅಂದಳು, ತಿರುಗದೆ.

“ಬನ್ನಿ ಅಂದ್ರಲ್ಲ...”

ಓಡಿದಳು. ಬಾಗಿಲು ತೆಗೆದ ಅತ್ತೆ ಸೆರಗನ್ನ ಮೂಗಿಗೆ ಒತ್ತಿಕೊಂಡು, “ಥೂ! ಏನು ತುಳಿದ್ಯೇ?” ಅಂದರು. ಚಪ್ಪಲಿ ತಿರುಗಿಸಿ ನೋಡಿದರು. ಏನೂ ಇರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಅರ್ಥ ಆಗಲ್ಲ.

ಆ ಬಡಾವಣೆಯವರದ್ದೊಂದು ಇಮೇಲ್ ಗುಂಪು. ಒಬ್ಬರು ಬರೆದರೆ ಎಲ್ಲರಿಗೂ ತಲುಪತ್ತೆ. ಬೀದಿದೀಪ, ನಾಯಿ, ನೀರು, ಎಲ್ಲ ಜಗಳವೂ ಅಲ್ಲೇ. ಗುಂಪಿಗೆ ಯಾರಾದರೂ ಸೇರಿದರೆ, ಬಿಟ್ಟರೆ, ಯಾರ ಮೇಲ್ ಪೆಟ್ಟಿಗೆಯಾದರೂ ತುಂಬಿ ಮೇಲ್ ವಾಪಸ್ ಬಂದರೆ, ಗುಂಪು ನಡೆಸೋ ಯಂತ್ರವೇ ತಾನಾಗಿ ಒಂದೊಂದು ಪತ್ರ ಕಳಿಸತ್ತೆ. ಆ ಪತ್ರಗಳ ಒಕ್ಕಣೆ ಮೊದಲೇ ಬರೆದಿಟ್ಟಿರತ್ತೆ, ಹೆಸರಿನ ಜಾಗ ಮಾತ್ರ ಖಾಲಿ. ಯಂತ್ರದ ಜೊತೆ ಬಂದ ಒಕ್ಕಣೆ ಒಣಕಲು. ‘ನಿಮ್ಮ ಸದಸ್ಯತ್ವ ರದ್ದಾಗಿದೆ.’ ಅಷ್ಟೇ.

ಸಂಘದ ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲ. ಕಾಗುಣಿತಳನ್ನ ಕರೆಸಿದರು.

“ನಮ್ಮ ಬಡಾವಣೆ ಅಂದ್ರೆ ಒಂದು ಕುಟುಂಬ ಕಣಮ್ಮ. ಪತ್ರ ಬೆಚ್ಚಗಿರಬೇಕು. ಓದಿದೋರಿಗೆ ಕಣ್ಣಲ್ಲಿ ನೀರು ಬರಬೇಕು.”

“ಗುಂಪು ಬಿಟ್ಟು ಹೋಗೋರಿಗೂನಾ ಸಾರ್?”

“ಅವರಿಗೇ ಜಾಸ್ತಿ! ಕೆಳಗೆ ನಿನ್ನ ಹೆಸರು, ಮನೆ ವಿಳಾಸ ಹಾಕು. ಹೆಸರಿಲ್ಲದ ಪತ್ರ ಯಾರೂ ನಂಬಲ್ಲ.”

ಅವಳಿಗೆ ಈ ಜೇನು ಸವರೋ ಮಾತು ಕಂಡರೇ ವಾಕರಿಕೆ. ಆದರೂ ಕೂತು ಬರೆದಳು. ಹೊಸಬರಿಗೆ, ‘ಬನ್ನಿ, ಒಳಗೆ ಬನ್ನಿ, ಇದು ನಿಮ್ಮದೇ ಮನೆ.’ ಪೆಟ್ಟಿಗೆ ತುಂಬಿದವರಿಗೆ, ‘ನಿಮ್ಮ ಸುದ್ದಿಯಿಲ್ಲದೆ ನಮಗೆ ಬೇಸರ.’ ಬಿಟ್ಟು ಹೋದವರಿಗೆ, ‘ಹೋಗಿ ಬನ್ನಿ. ನಮ್ಮ ಬಾಗಿಲು ನಿಮಗೆ ಸದಾ ತೆರೆದಿರುತ್ತದೆ.’ ಕೆಳಗೆ ಅವಳ ಹೆಸರು, ಬೀದಿ, ಮನೆ. ಯಂತ್ರಕ್ಕೆ ಹಾಕಿದ್ದೂ ಅವಳೇ, ಅದರ ಪಾಸ್‌ವರ್ಡ್ ಅವಳ ಹತ್ತಿರವೇ ಉಳೀತು. ಅಧ್ಯಕ್ಷರು ಓದಿ ಕಣ್ಣೊರೆಸಿಕೊಂಡರು. ಅವಳು ಮನೆಗೆ ಬಂದು ಕೈ ತೊಳೆದುಕೊಂಡಳು.

ಆ ಗುಂಪಿನಲ್ಲಿ ಒಬ್ಬ ಮುದುಕರಿದ್ದರು. ಮೂಲೆಮನೆಯವರು, ಒಂಟಿ. ಕೆಲಸದಲ್ಲಿದ್ದಾಗ ಕಟ್ಟಡದ ನಕ್ಷೆ ಬರೀತಿದ್ದರಂತೆ. ಬಾಯಿ ತೆಗೆದರೆ ಕಟ್ಟಿಸಿದ ಹಲ್ಲಿನ ಸೆಟ್ಟು ಟಕಟಕ ಅನ್ನೋದು. ದಿನಕ್ಕೊಂದು ದೂರು ಬರೆಯೋರು. ಚರಂಡಿ ಮುಚ್ಚಿಲ್ಲ, ಕೊಳಾಯಿ ಸೋರ್ತಿದೆ, ನಾಯಿ ಬೊಗಳ್ತಿದೆ. ಜನ ಬೆನ್ನ ಹಿಂದೆ ಇಟ್ಟ ಹೆಸರು ದೂರುದಾಸ. ಒಂದು ದಿನ ದೂರು ನಿಂತಿತು. ಯಾರೂ ಯಾಕೆ ಅಂತ ಕೇಳಲಿಲ್ಲ. ‘ಪೀಡೆ ಕಳೀತು’ ಅಂದುಕೊಂಡರು.

ಆಮೇಲೆ ಬೀದೀಲಿ ವಾಸನೆ ಶುರುವಾಯ್ತು.

ಗುಂಪಿನಲ್ಲಿ ಮೇಲ್ ಮೇಲೆ ಮೇಲ್. ‘ಯಾರ ಮನೇಲಿ ಇಲಿ ಸತ್ತಿದೆ?’ ‘ಇಲಿಯಲ್ಲ, ಹೆಗ್ಗಣ.’ ‘ಕಿಟಕಿ ಮುಚ್ಚಿ, ಸೆಂಟು ಹೊಡ್ಕೊಳ್ಳಿ.’ ಒಬ್ಬರು ‘ಧುರ್ವಾಸನೆ’ ಅಂತ ಬರೆದಿದ್ದರು. ನಮ್ಮ ಕಾಗುಣಿತ ಸುಮ್ಮನಿರ್ತಾಳಾ? ‘ದುರ್ವಾಸನೆ. ಇಲ್ಲಿ ಮಹಾಪ್ರಾಣ ಇಲ್ಲ’ ಅಂತ ತಿದ್ದಿದಳು. ಎಲ್ಲರೂ ನಕ್ಕರು.

ನೀರಿನ ಮೀಟರ್ ಓದೋಕೆ ಬಂದ ಹೆಂಗಸು ಮೂಲೆಮನೆ ಬಾಗಿಲು ತಳ್ಳಿದಾಗ ಗೊತ್ತಾಯ್ತು. ಅಲ್ಲಿ ಏನು ಕಂಡಳು ಅನ್ನೋದು ಬೇಡ. ಊಟದ ಹೊತ್ತು ದಾಟಿದ್ದರೂ ಬೇಡ. ಅವರನ್ನ ಹಾಸಿಗೆಯಿಂದ ಬಿಡಿಸೋಕಾಗದೆ, ಅದರ ಸಮೇತ ಹೊತ್ತು ಒಯ್ದರು, ಅಷ್ಟು ಸಾಕು.

ವಾಸನೆ ಬಗ್ಗೆ ಆ ಬೀದಿ ಬರೆದ ಒಂದೊಂದು ಮೇಲೂ ಅವರಿಗೂ ಹೋಗಿತ್ತು! ತೆಗೆಯೋರಿಲ್ಲದೆ ಪೆಟ್ಟಿಗೆ ತುಂಬಿ, ಮೇಲ್ ವಾಪಸ್ ಬರೋಕೆ ಶುರುವಾಗಿ, ಕೊನೆಗೆ ಯಂತ್ರ ಅವರನ್ನ ಗುಂಪಿನಿಂದ ತಾನೇ ತೆಗೆದುಹಾಕಿ, ಬೀಳ್ಕೊಡುಗೆ ಪತ್ರ ಕಳಿಸಿತ್ತು. ತುಂಬಿದ ಪೆಟ್ಟಿಗೆಗೆ ಅದು ಹೇಗೆ ಸೇರಿತು ಅಂತ ನನ್ನ ಕೇಳಬೇಡಿ. ಸೇರಿತು.

ಬಾವಿಯ ಹತ್ತಿರ ಆ ದನಿ ಕೇಳಿದ್ದು ಅವರನ್ನ ಒಯ್ದ ಮೇಲೆ.

ಮಾರನೇ ದಿನ ಬೆಳಿಗ್ಗೆ ಮುಂಬಾಗಿಲು ತೆರೆದಿತ್ತು. ರಾತ್ರಿ ಚಿಲಕ ಹಾಕಿದ್ದು ಅವಳೇ. ಆ ರಾತ್ರಿ ಮತ್ತೆ ಹಾಕಿದಳು, ಮೇಲೆ ಬೀಗವನ್ನೂ ಜಡಿದಳು. ಕಣ್ಣು ಹತ್ತಿದ ಮೇಲೆ... ಟಕ್. ಆಮೇಲೆ ಕಿರ್‍ರ್... ಆಮೇಲೆ ಪಚಕ್, ಪಚಕ್, ನಡುಮನೆಯವರೆಗೆ. ಬೆತ್ತದ ಕುರ್ಚಿ ಕಿರುಗುಟ್ಟಿತು, ಭಾರವಾದದ್ದೇನೋ ಕೂತ ಹಾಗೆ. ಅವಳು ಹೊದಿಕೆಯೊಳಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬೆಳಗಾಗೋವರೆಗೆ ಬಿದ್ದಿದ್ದಳು, ಹೆದರಿಕೆಗಿಂತ ಹೆಚ್ಚಾಗಿ ವಾಂತಿ ತಡೆಯೋಕೆ.

ಬೆಳಿಗ್ಗೆ ಕುರ್ಚಿ ಮೇಲೆ ಜಿಡ್ಡು. ಬೆರಳಿಗೆ ಅಂಟಿದರೆ ಎಳೆ ಎಳೆಯಾಗಿ ಬರ್ತಿತ್ತು. ಸೋಪು, ಫಿನಾಯಿಲು, ಬಿಸಿನೀರು, ಏನು ಹಾಕಿ ಉಜ್ಜಿದರೂ ಮಧ್ಯಾಹ್ನಕ್ಕೆ ಮತ್ತೆ ಒಸರೋದು. ಹಾಲು ಕಾಯಿಸಿದರೆ ಒಡೆಯೋದು. ಅನ್ನದ ಪಾತ್ರೆ ಮುಚ್ಚಳ ತೆಗೆದರೆ ಅದೇ ನಾತ. ಅತ್ತೆ ತಟ್ಟೆ ಮುಂದೆ ಕೂತು, ತುತ್ತು ಬಾಯಿ ಹತ್ತಿರ ತಂದು, ಹಾಗೇ ಇಳಿಸೋರು. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳೋ ಹೆಂಗಸು, ಗೋಡೆ ಹಿಡಿದು ನಡೆಯೋ ಹಾಗಾದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ‘ಏನೂ ಇಲ್ಲ’ ಅಂದರು, ಮೂಗು ಮುಚ್ಚಿಕೊಂಡೇ.

ಒಂದು ರಾತ್ರಿ ಅತ್ತೆ ಅವಳ ಮಂಚದ ಹತ್ತಿರ ಬಂದು ಭುಜ ಅಲುಗಿಸಿದರು.

“ಅಲ್ಲಿ ಕೂತಿರೋದು ಯಾರೇ?” ಪಿಸುಮಾತಲ್ಲಿ.

“ನಿಮಗೆ ಕಾಣತ್ತಾ ಅತ್ತೆ?”

“ಬೆನ್ನು ಮಾತ್ರ... ಯಾರನ್ನ ಕರೆದೆ?”

“ಯಾರನ್ನೂ ಇಲ್ಲ.”

“ಕರೀದೇ ಯಾರೂ ಬರಲ್ಲ ಕಣೇ.”

ಆಗ ಅವಳಿಗೆ ಬಾವಿಯ ಹತ್ತಿರ ಕೇಳಿದ ಮಾತು ಹೊಳೀತು. ಬೆಳಗಾದ ಮೇಲೆ ಕಂಪ್ಯೂಟರ್ ತೆಗೆದು ಯಂತ್ರ ಯಾರ್‍ಯಾರಿಗೆ ಏನು ಕಳಿಸಿದೆ ನೋಡಿದಳು. ಮೂಲೆಮನೆಯವರ ವಿಳಾಸಕ್ಕೆ ಬೀಳ್ಕೊಡುಗೆ. ಅತ್ತೆಗೆ ಓದಿ ಹೇಳಿದಳು.

ಅತ್ತೆ ಹಣೆ ಚಚ್ಚಿಕೊಂಡರು. “ಅಯ್ಯೋ ನಿನ್ನ! ಲೋಕದ ತಪ್ಪೆಲ್ಲ ತಿದ್ದುತೀಯ, ಇದೊಂದು ಗೊತ್ತಾಗಲಿಲ್ವಾ? ಸತ್ತೋರಿಗೆ ಯಾರಾದ್ರೂ ‘ಹೋಗಿ ಬನ್ನಿ’ ಅಂತಾರಾ?”

“ಸತ್ತಿದಾರೆ ಅಂತ ಯಂತ್ರಕ್ಕೆ ಗೊತ್ತಿರಲಿಲ್ಲ ಅತ್ತೆ.”

“ಯಂತ್ರಕ್ಕೆ ಮೂಗಿಲ್ಲ. ನಿಮಗೆಲ್ಲ ಇತ್ತಲ್ಲ?”

ಅವಳು ಕಂಪ್ಯೂಟರ್ ಮುಚ್ಚಿ ಚಪ್ಪಲಿ ಮೆಟ್ಟಿದಳು.

ಅಧ್ಯಕ್ಷರ ಮನೆಗೆ ಹೋದಳು. ಅವರು ಹಣ್ಣು ಹೆಚ್ಚಿಕೊಂಡು ಕೂತಿದ್ದರು. ಅವಳು ಒಳಗೆ ಕಾಲಿಟ್ಟ ಕೂಡಲೇ ಕರವಸ್ತ್ರ ಮೂಗಿಗೆ ಹೋಯಿತು.

“ಬೀಳ್ಕೊಡುಗೆ ಒಕ್ಕಣೆ ಬದಲಾಯಿಸಬೇಕು ಸಾರ್.”

“ಯಾಕಮ್ಮ? ಎಷ್ಟು ಚೆನ್ನಾಗಿದೆ! ಸಭೇಲಿ ಒಪ್ಪಿದ್ದು ಅದು.”

“ಮೂಲೆಮನೆಯವರಿಗೂ ಹೋಗಿದೆ.”

“ಪಾಪ, ಒಳ್ಳೇದೇ ಆಯ್ತಲ್ಲ! ಕೊನೇಲಿ ಒಂದು ಒಳ್ಳೆ ಮಾತು. ಅಂದಹಾಗೆ ಆ ಮನೆಯಿಂದ ನಮ್ಮ ಬೀದಿ ಮನೆಗಳ ಬೆಲೆ ಬಿದ್ದುಹೋಗತ್ತೆ, ಅದರ ಬಗ್ಗೆ ಒಂದು ಮೇಲ್ ಹಾಕಬೇಕು, ನೀನೇ ಸ್ವಲ್ಪ ತಿದ್ದಿಕೊಡು.” ಹಣ್ಣಿನ ಹೋಳು ಬಾಯಿಗೆ ಹಾಕಿಕೊಂಡರು. ರಸ ಗಲ್ಲದ ಮೇಲಿಳೀತು. “ಮತ್ತೆ... ತಪ್ಪು ತಿಳೀಬೇಡಮ್ಮ, ನಿಮ್ಮನೇಲಿ ಏನೋ ಸತ್ತಿರಬೇಕು ನೋಡು.”

ಅವಳಿಗೆ ಆ ಜಿಡ್ಡಿನ ಕುರ್ಚಿಗಿಂತ ಈ ಗಲ್ಲವೇ ಹೇಸಿಗೆ ಅನ್ನಿಸಿತು. ಎದ್ದು ಬಂದಳು.

ಆ ರಾತ್ರಿ ಅತ್ತೆಗೆ ಗುಟುಕು ನೀರೂ ನಿಲ್ಲಲಿಲ್ಲ. ಅವಳು ಅವರನ್ನ ಗೋಡೆಗೊರಗಿಸಿ ಕೂರಿಸಿ, ಪಕ್ಕದಲ್ಲೇ ಕಂಪ್ಯೂಟರ್ ಮುಂದೆ ಕೂತಳು. ಆದರೆ ಒಕ್ಕಣೆ ಬದಲಾಯಿಸಿದ ಮಾತ್ರಕ್ಕೆ ಹೋದ ಪತ್ರ ವಾಪಸ್ ಬರಲ್ಲವಲ್ಲ? ಅವರಿಗೆ ಇನ್ನೊಂದು ಬೀಳ್ಕೊಡುಗೆ ಹೋಗಬೇಕಾದರೆ, ಅವರನ್ನ ಮೊದಲು ಮತ್ತೆ ಗುಂಪಿಗೆ ಸೇರಿಸಬೇಕು. ಸೇರಿಸಿದರೆ ಯಂತ್ರ ಸುಮ್ಮನಿರಲ್ಲ, ಸ್ವಾಗತದ ಪತ್ರ ಕಳಿಸತ್ತೆ. ‘ಬನ್ನಿ, ಒಳಗೆ ಬನ್ನಿ.’

ಹಾಗಾಗಿ ಮೊದಲು ಸ್ವಾಗತವನ್ನೇ ಅಳಿಸಿದಳು.

ಟಕ್. ಹಿಂದೆ ಚಿಲಕ.

ಪಚಕ್... ಪಚಕ್... ಈ ಸಲ ಕುರ್ಚಿಯಲ್ಲಿ ನಿಲ್ಲಲಿಲ್ಲ. ಅವಳ ಬೆನ್ನ ಹಿಂದೆ ಬಂದು ನಿಂತಿತು. ಉಸಿರು ಇರಲಿಲ್ಲ, ವಾಸನೆ ಮಾತ್ರ. ಹೆಗಲ ಮೇಲೆ ಒಂದು ಹನಿ ಬಿತ್ತು. ಬೆಚ್ಚಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಅವಳ ಸೀರೆಯ ತುದಿ ಹಿಡಿದುಕೊಂಡರು.

ಸ್ವಾಗತದ ಜಾಗದಲ್ಲಿ ಅವಳು ಬರೆದಳು. ‘ನೀವು ತೀರಿಕೊಂಡಿದ್ದೀರಿ. ನಿಮ್ಮ ವಾಸನೆ ನಮಗೆಲ್ಲ ಬಂತು. ನಾವು ಯಾರೂ ಬಾಗಿಲು ತಟ್ಟಲಿಲ್ಲ. ನಾನು ಅಕ್ಷರ ತಿದ್ದಿದೆ.’

ಹೆಗಲ ಮೇಲೆ ಇನ್ನೊಂದು ಹನಿ.

ಆಮೇಲೆ ಬೀಳ್ಕೊಡುಗೆ. ‘ಹೋಗಿ’ ಅಂತ ಟೈಪು ಮಾಡಿದ ಕೂಡಲೇ ಬೆರಳು ತಾನಾಗೇ ‘ಬನ್ನಿ’ಗೆ ಹೋಯಿತು. ಹುಟ್ಟಿದಾಗಿಂದ ಹಾಗೇ ಅಂದು ಅಭ್ಯಾಸ. ಹಿರಿಯರಿಗೆ ಬರೀ ‘ಹೋಗಿ’ ಅನ್ನೋದಾ? ನಾಲಿಗೆ ಬಿದ್ದುಹೋಗಲ್ವಾ? ಅಳಿಸಿದಳು. ಮತ್ತೆ ಬರೆದಳು, ಮತ್ತೆ ‘ಬನ್ನಿ’ ಬಂತು. ಅತ್ತೆ ಕಣ್ಣು ಬಿಡದೆಯೇ ಪಿಸುಗುಟ್ಟಿದರು, “ಅಂದುಬಿಡೇ.” ಕೊನೆಗೆ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಬರೆದಳು. ‘ಇನ್ನು ಹೋಗಿ.’ ಬಾಗಿಲ ಮಾತು ತೆಗೆದಳು. ವಿಳಾಸ ತೆಗೆದಳು. ಹೆಸರು ಮಾತ್ರ ಬಿಟ್ಟಳು.

ಅವರ ವಿಳಾಸ ಸೇರಿಸಿದಳು. ಟಿಂಗ್... ಸದ್ದು ಬಂದದ್ದು ಕಂಪ್ಯೂಟರಿಂದಲ್ಲ, ಅವಳ ಬೆನ್ನ ಹಿಂದಿಂದ. ಓದೋಷ್ಟು ಹೊತ್ತು ಬಿಟ್ಟಳು. ಆಮೇಲೆ ತೆಗೆದಳು. ಟಿಂಗ್...

ಹೆಗಲ ಮೇಲೆ ಹನಿ ಬೀಳೋದು ನಿಂತಿತು.

“ಅಷ್ಟೇನಾ?” ಕಿವಿಯ ಹತ್ತಿರವೇ.

“ಅಷ್ಟೇ,” ಅಂದಳು.

ಪಚಕ್... ಪಚಕ್... ನಡುಮನೆ, ಹೊಸಿಲು, ಮೆಟ್ಟಿಲು. ಬೀದೀಲಿ ಒಂದು ನಾಯಿ ಕುಂಯ್ ಅಂದು ಸುಮ್ಮನಾಯ್ತು. ಅವಳು ಬಚ್ಚಲಿಗೆ ಓಡಿ, ಕರುಳು ಕಿತ್ತು ಬರೋ ಹಾಗೆ ವಾಂತಿ ಮಾಡಿಕೊಂಡಳು. ಹೊರಗೆ ಬಂದಾಗ ಅತ್ತೆ ಗೋಡೆ ಹಿಡೀದೆ ಎದ್ದು ನಿಂತಿದ್ದರು. “ಹಸಿವಾಗ್ತಿದೆ ಕಣೇ” ಅಂದರು.

ಬೆಳಿಗ್ಗೆ ಕುರ್ಚಿ ಒಣಗಿತ್ತು. ಆದರೂ ಇಟ್ಟುಕೊಳ್ಳಲಿಲ್ಲ, ಸುಟ್ಟುಹಾಕಿದಳು. ಅಧ್ಯಕ್ಷರು ಹೊಸ ಒಕ್ಕಣೆ ನೋಡಿ ಕೆಂಡಾಮಂಡಲ. ‘ಇದೇನು ಮಸಣದ ಮಾತು!’ ಅಂತ ಹಳೇದನ್ನೇ ವಾಪಸ್ ಹಾಕಿಸಿದರು. ಕೆಳಗೆ ಯಾರದಾದರೂ ವಿಳಾಸ ಬೇಕಲ್ಲ, ತಮ್ಮದನ್ನೇ ಹಾಕಿಕೊಂಡರು. ಇವಳು ಹೇಳಿ ನೋಡಿದಳು. ಕೇಳಲಿಲ್ಲ. ಗುಂಪು ಬಿಟ್ಟಳು. ಇವಳಿಗೂ ಪತ್ರ ಬಂತು, ‘ಹೋಗಿ ಬನ್ನಿ’ ಅಂತ. ಓದದೆ ಅಳಿಸಿದಳು.

ನೀವು ನಂಬಲ್ಲ, ಮುಖ ನೋಡಿದರೇ ಗೊತ್ತಾಗತ್ತೆ. ಬಿಡಿ. ಆದರೆ ಇದನ್ನ ಕೇಳಿ. ಅದಾಗಿ ಒಂದು ವಾರಕ್ಕೆ ಅವಳ ಅಡುಗೆಮನೆ ಸಿಂಕಿನಲ್ಲಿ ನೀರು ನಿಂತಿತು. ಕೊಳಾಯಿ ರಿಪೇರಿಯವನನ್ನ ಕರೆಸಿದರು. ಆವತ್ತು ನಾನೂ ಅಲ್ಲಿದ್ದೆ. ಅವನು ಕೆಳಗಿನ ಪೈಪ್ ಬಿಚ್ಚಿ, ಬೆರಳು ಹಾಕಿ ಎಳೆದು, ಬಕೆಟ್ಟಿನ ಅಂಚಿನ ಮೇಲೆ ಇಟ್ಟ. ಹಲ್ಲಿನ ಸೆಟ್ಟು. ಮೇಲಿನದ್ದು, ಪೂರ್ತಿ. ಆ ಮನೇಲಿ ಸೆಟ್ಟು ಕಟ್ಟಿಸಿಕೊಂಡೋರು ಯಾರೂ ಇಲ್ಲ, ಅತ್ತೆಯದ್ದು ಕಬ್ಬು ಸಿಗಿಯೋ ಹಲ್ಲು. ಸಿಂಕಿನ ಬಾಯಿಗೆ ಜಾಲರಿ ಕೂರಿಸಿ ಬೆಸುಗೆ ಹಾಕಿದ್ದರು, ಕಡಲೆಕಾಳೂ ಇಳಿಯಲ್ಲ. ರಿಪೇರಿಯವನು ಒಂದು ಸಲ ಜಾಲರಿ ನೋಡಿದ, ಒಂದು ಸಲ ಸೆಟ್ಟು ನೋಡಿದ, ಕೂಲಿ ಇಸಕೊಳ್ಳದೆ ಹೊರಟುಹೋದ. ನಾನೇ ಕಣ್ಣಾರೆ ಕಂಡಿದ್ದು. ಅಷ್ಟು ದಿನ ಗಲೀಜಲ್ಲಿ ಬಿದ್ದಿದ್ದರೂ, ಅದು ಆಗಷ್ಟೇ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.