ಹೊಳೆಯ ಪಾಳಿ

ಮಳೆ ಬೀಳುತ್ತಿತ್ತು, ಆದರೆ ನೆಲಕ್ಕಲ್ಲ. ರಿಯೋ ಗ್ರಾಂಡೆ ಹೊಳೆಯ ಆಚೆ ದಡದ ಗುಡ್ಡಗಳ ಮೇಲೆ ಮೋಡದಿಂದ ಬೂದು ಎಳೆಗಳು ಇಳಿದು, ಅರ್ಧ ದಾರಿಯಲ್ಲೇ ಬಿಸಿಗಾಳಿಗೆ ಆರಿಹೋಗುತ್ತಿದ್ದವು. ಎಲೋಯ್ಸಾ ಅಜ್ಜಿಯ ಮಣ್ಣಿನ ಮನೆಯ ಜಗಲಿಯಲ್ಲಿ ಬೀನ್ಸ್ ಕಾಳು ಆರಿಸುತ್ತಿದ್ದ ದೆಲ್ಫೀನಾ, ಮನಸ್ಸು ಬೇರೆಲ್ಲೋ ಇದ್ದು, ಕಾಳನ್ನು ಎಸೆದು ಕಲ್ಲನ್ನು ಬಟ್ಟಲಿಗೆ ಹಾಕುತ್ತಿದ್ದಳು.

ಈ ವರ್ಷ ಊರ ಕಾಲುವೆಗೆ ಅವಳೇ ನೀರುಗಂಟಿ. ವಾರಕ್ಕೊಂದು ಪಾಳಿಯನ್ನು ಯಾರ ಹೊಲಕ್ಕೂ ಕೊಡದೆ, ಹೊತ್ತು ಮುಳುಗುವಾಗ ತೂಬು ಮುಚ್ಚಿ, ನೀರನ್ನು ಹೊಳೆಗೇ ಬಿಡುವುದು ಅಲ್ಲಿಯ ಹಳೆಯ ಪದ್ಧತಿ. ಬರ ಎಂದು ನಿನ್ನೆಯ ಸಭೆ ಅದನ್ನು ನಿಲ್ಲಿಸಿತ್ತು. ಇಂದು ತೂಬು ತೆರೆದೇ ಇರಬೇಕು. ಒಣಗುತ್ತಿದ್ದ ಅವಳ ಮೆಣಸಿನಕಾಯಿ ಗಿಡಗಳಿಗೂ ಆ ನೀರು ಬರುತ್ತದೆ. ಹೊಳೆಯಲ್ಲಿ ಈಗ ಮೀನು ಉಳಿದಿರುವುದು ಕೆಳಗಿನ ಮಡುವಿನಲ್ಲಿ ಮಾತ್ರ. ಇಂದಿನ ಈ ಪಾಳಿ ತಪ್ಪಿದರೆ ಅವೂ ಇಲ್ಲ.

"ಮೀನಿಗೇನು ವೋಟಿದೆಯಾ?" ಎಂದ ಜಗಲಿಯ ತುದಿಯಲ್ಲಿ ಕೂತಿದ್ದ ಪಕ್ಕದ ಹೊಲದ ಬೆಲಾರ್ಮಿನೋ. "ನನ್ನ ಗಿಡಕ್ಕೂ ಇಲ್ಲ. ಅದಕ್ಕೇ ಅದರ ಪರವಾಗಿ ನಾನು ಕೂಗಾಡ್ತೀನಿ."

"ನೀನು ಹುಟ್ಟಿದಾಗಿಂದ ಕೂಗಾಡ್ತಾನೇ ಇದ್ದೀಯ ಬಿಡೋ," ಎಂದಳು ಅಜ್ಜಿ. ದೆಲ್ಫೀನಾಳ ಬಟ್ಟಲಿನಿಂದ ಒಂದು ಕಲ್ಲನ್ನು ತೆಗೆದು ನೋಡಿ, ಕೆಳಗಿಟ್ಟು, ಕತೆಗೆ ತೊಡಗಿದಳು.

"ಪ್ರೋಕೋಪಿಯೋ ಅಂತ ಒಬ್ಬ ನೀರುಗಂಟಿ ಇದ್ದ ಕಣೇ, ನಾನಿನ್ನೂ ಎರಡು ಜಡೆ ಹಾಕ್ಕೊಳ್ತಿದ್ದ ಕಾಲದಲ್ಲಿ... ಒಳ್ಳೇ ಮನುಷ್ಯ, ಯಾರಾದ್ರೂ ಅತ್ರೆ ಅವನಿಗೆ ತಡ್ಕೊಳ್ಳೋಕೇ ಆಗ್ತಿರ್ಲಿಲ್ಲ. ಇಂಥದೇ ಬರದ ವರ್ಷ ಜನ ಬಂದು ಅತ್ರು, ಅವನು ಹೊಳೆ ಪಾಳೀನೂ ಹಂಚಿಬಿಟ್ಟ. ಮರುವರ್ಷ ಚಳಿ ಬಿಟ್ಟ ಮೇಲೆ, ಕಾಲುವೆಗೆ ನೀರು ಬಿಡೋ ಮುಂಚೆ, ಮನೆಗೊಬ್ಬರು ಸಲಿಕೆ ಹಿಡ್ಕೊಂಡು ಹೂಳೆತ್ತೋಕೆ ಬಂದ್ರಲ್ಲ... ಸಾಲಿನ ಕೊನೇಲಿ ಒಬ್ಬಳು ಹೆಂಗಸು. ಲಂಗ ಮೊಣಕಾಲ ತನಕ ಒದ್ದೆ. ಒಣ ಕಾಲುವೇಲಿ ಲಂಗ ಒದ್ದೆ ಆಗೋದು ಹೇಗೆ? ಯಾರೂ ಕೇಳ್ಲಿಲ್ಲ. ಯಾಕೆ ಕೇಳ್ತಾರೆ ಹೇಳಿ, ಎಲ್ಲರಿಗೂ ಅವಳು ಗೊತ್ತಿತ್ತು..."

"ಯಾರವಳು?" ಎಂದಳು ದೆಲ್ಫೀನಾ.

"ಅದೇ ಮತ್ತೆ. ನಮ್ಮಪ್ಪ ಅಂದ್ಕೊಂಡಿದ್ದ, ಮೇಲ್ಗೇರಿ ಗಾಯೆಗೋಸ್ ಮನೆ ಸೊಸೆ ಅಂತ. ಆ ಮನೆಯವರು, ಅಯ್ಯೋ ನಿಮ್ಮ ಕಡೆ ನೆಂಟಳು ಅಂದ್ಕೊಂಡ್ವಿ, ಅಂದ್ರು. ಒಬ್ಬರು ನೋಡಿದ್ದು ಮುದುಕೀನ, ಇನ್ನೊಬ್ಬರು ನೋಡಿದ್ದು ಹುಡುಗೀನ. ಅವಳ ಪಕ್ಕ ನಿಂತು ಮಣ್ಣೆತ್ತಿದಾರೆ, ರೊಟ್ಟಿ ಮುರಿದು ಕೊಟ್ಟಿದಾರೆ... ಮುಖ ಮಾತ್ರ ಯಾವ ಇಬ್ಬರಿಗೂ ಒಂದೇ ಥರ ನೆನಪಿಲ್ಲ.

"ಬೇಸಿಗೆ ಬಂತು, ಹೊಳೆ ಪಾಳಿ ಇನ್ನೂ ಹೊಲಗಳಿಗೇ ಹೋಗ್ತಿತ್ತು. ಒಂದು ಮಧ್ಯಾಹ್ನ ಪ್ರೋಕೋಪಿಯೋ ತೂಬಿನ ಹತ್ರ ಕೂತಿದ್ದಾಗ ಅವಳೇ ಬಂದು, ಸಲಿಕೆ ಹಿಡಿದೋಳು ನಾನು, ನನ್ನ ಪಾಳಿ ಯಾವಾಗ ಅಂದ್ಳಂತೆ. ನಮ್ಮಲ್ಲಿ ಹೂಳೆತ್ತಿದೋರಿಗೆ ನೀರಿಲ್ಲ ಅನ್ನೋ ಹಾಗಿಲ್ವಲ್ಲ? ಪಾಪ, ಯಾವುದೋ ವಿಧವೆ, ಕೇಳೋಕೆ ನಾಚ್ಕೊಂಡು ಇಷ್ಟು ದಿನ ಸುಮ್ನಿದ್ಳು ಅಂದ್ಕೊಂಡ ಇವನು. ಹೊಲ ತೋರ್ಸಮ್ಮ ಅಂತ ಹಿಂದೆ ಹೊರಟ. ಅವಳು ಎಲ್ಲ ಹೊಲ ದಾಟಿದ್ಳು, ಬೇಲಿ ದಾಟಿದ್ಳು, ಹೊಳೆ ಪಾತ್ರಕ್ಕೇ ಇಳಿದ್ಳು. ಅಡ್ಡದಾರಿ ಇರಬೇಕು ಅಂತ ಇವನೂ ಇಳಿದ... ಕೆಸರು ಬಿರುಕು ಬಿಟ್ಟಿದೆ. ಬೆರಳುದ್ದದ ಬೆಳ್ಳಿ ಮೀನು ರಾಶಿರಾಶಿ ಬಾಯಿ ಬಿಡ್ತಾ ಬಿದ್ದಿವೆ. ಒಂದು ಬಕ ನಿಂತಿದೆ, ತಿನ್ನೋಕೂ ಮನಸಿಲ್ದೆ ನಿಂತಿದೆ.

"ನಿನ್ನ ಹೊಲ ಎಲ್ಲಿದೆಯಮ್ಮ, ಅಂದ.

"ತುಳ್ಕೊಂಡು ನಿಂತಿದ್ದೀಯಲ್ಲಪ್ಪ, ಅಂದ್ಳು. ಅಂದು ಅವನ ಕಡೆ ತಿರುಗಿದ್ಳು. ಆಗ್ಲೇ ಅವನು ಅವಳ ಮುಖ ನೆಟ್ಟಗೆ ನೋಡಿದ್ದು."

ಗುಡ್ಡದ ಮೇಲೆ ಗುಡುಗು ಹೊರಳಿತು.

"ಓಡಿ ಬಂದು ತೂಬು ಮುಚ್ಚಿದ ಅವನು. ನೀರು ಹೊಳೆಗೆ ಹೋಯ್ತು, ಮಡು ಉಳೀತು. ಮನೆಗೆ ಬಂದ... ಬಾಗಿಲಲ್ಲಿ ನಿಂತಿದ್ದ ಹೆಂಡತೀನ ನೋಡಿ, ಬಲು ಮರ್ಯಾದೆಯಿಂದ, ನೀವು ಯಾರ ಮನೆಯವರಮ್ಮ ಅಂತ ಕೇಳ್ದ. ಸಾಯೋ ತನಕ ಕೇಳ್ದ. ಹೆತ್ತ ಮಗಳನ್ನೂ ಕೇಳ್ದ. ಪಾಪ, ಆ ಮಗು ದಿನಾ ಅವನಿಗೆ ಹೆಸರು ಹೇಳ್ತಿತ್ತು."

ಬೆಲಾರ್ಮಿನೋ ನಗಲು ಹೋಗಿ ಕೆಮ್ಮಿದ. ಆಗಿನ ಕಾಲದಲ್ಲಿ ಬಿಸಿಲು ತಲೆಗೇರಿದರೆ ಹಾಗೆಯೇ ಎಂದು ಏನೋ ಗೊಣಗಿದ.

"ಇರಬಹುದಪ್ಪ," ಎಂದಳು ಅಜ್ಜಿ. "ದೆಲ್ಫೀನಾ, ನಿನ್ನೆ ಸಭೇಲಿ ನಿನ್ನ ಎಡಕ್ಕೆ ಕೂತಿದ್ಳಲ್ಲ, ಕೈ ಎತ್ತದೇ ಇದ್ದೋಳು... ಯಾರವಳು?"

ದೆಲ್ಫೀನಾ ನೆನಪಿಸಿಕೊಂಡಳು. ಬೆಂಚಿನ ಮೇಲೆ ಯಾರೋ ಇದ್ದುದು ನಿಜ. ಬೇಸಿಗೆಯಲ್ಲೂ ಆ ಕಡೆಯ ತೋಳು ತಣ್ಣಗಾಗಿದ್ದುದು ನಿಜ. "ನಿನ್ನ ಜೊತೆ ಬಂದೋಳು ಅಂದ್ಕೊಂಡೆ, ಅಜ್ಜಿ."

"ನಾನು ಒಬ್ಬಳೇ ಬಂದಿದ್ದು."

"ಆ ಹುಡುಗೀನಾ?" ಎಂದ ಬೆಲಾರ್ಮಿನೋ. "ಅವಳು ನಿನ್ನ ತಂಗಿ ಅಲ್ವೇನೇ?"

ದೆಲ್ಫೀನಾಳಿಗೆ ತಂಗಿ ಇಲ್ಲ. ಅದು ಅವನಿಗೂ ಗೊತ್ತು. ತಾನು ಹಾಗೇಕೆ ಅಂದೆನೆಂದು ಅವನೇ ಗಲಿಬಿಲಿಗೊಂಡು ಕೂತ. ದೆಲ್ಫೀನಾ ತೂಬಿನ ಕೀಲಿ ಹುಡುಕಿಕೊಂಡು ಎದ್ದಳು. ಸಭೆಗೆ ಏನು ಹೇಳಬೇಕೋ ಅವಳಿಗೆ ತಿಳಿದಿರಲಿಲ್ಲ. ತನ್ನ ಗಿಡಗಳು ಉಳಿಯುತ್ತವೆಯೋ ಇಲ್ಲವೋ, ಅದೂ ತಿಳಿದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ತೂಬು ಮುಚ್ಚಬೇಕು, ಅಷ್ಟೇ.

"ಹೋಗಿ ಬಾ ಮಗಾ," ಎಂದಳು ಅಜ್ಜಿ, ಬಟ್ಟಲನ್ನು ತನ್ನ ಕಡೆ ಎಳೆದುಕೊಳ್ಳುತ್ತಾ. "ದಾರೀಲಿ ಯಾರಾದ್ರೂ ಜೊತೆಯಾದ್ರೆ ಮಾತಾಡ್ಸು, ಬೇಜಾರಾಗೋದು ಬೇಡ... ಮುಖ ಮಾತ್ರ ನೋಡ್ಬೇಡ."