ಕಾರಿಗೂ ವಾಕಿಂಗು
ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿ, ಸ್ಟಾರ್ಟೇ ಆಗದ ಕಾರನ್ನು ಪಕ್ಕದ ಬೀದಿಯಿಂದ ತಳ್ಳಿಸಿಕೊಂಡು ಬಂದಿದ್ದರು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ.

“ದಿನಾ ಎಷ್ಟು ದೂರ ಓಡಿಸ್ತೀರಾ ಸಾರ್?”

“ಪಾರ್ಕಿನ ತನಕ. ಒಂದು ಕಿಲೋಮೀಟರು.”

“ಪಾರ್ಕಲ್ಲೇನು ಕೆಲ್ಸ?”

ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದರು. “ವಾಕಿಂಗು!”

ಮೆಕ್ಯಾನಿಕ್ ನಗು ನುಂಗಿಕೊಂಡ. “ಸ್ಟಾರ್ಟ್ ಮಾಡುವಾಗ ಖರ್ಚಾದ ಚಾರ್ಜನ್ನ ಬ್ಯಾಟರಿ ವಾಪಸ್ ತುಂಬ್ಕೊಳ್ಳೋ ಮೊದ್ಲೇ ಆಫ್ ಮಾಡ್ತೀರಾ. ಇಂಜಿನ್ನೂ ಸರಿಯಾಗಿ ಬಿಸಿಯಾಗಲ್ಲ, ಬೇಗ ಸವೆಯುತ್ತೆ. ವಾರಕ್ಕೊಂದ್ಸಲ ಅರ್ಧ ಗಂಟೆ ಸುತ್ತಾಡಿಸಿ.”

“ಅಂದ್ರೆ ಕಾರಿಗೂ ವಾಕಿಂಗ್ ಬೇಕು ಅಂತೀಯೇನಪ್ಪಾ?”

“ಇಬ್ರಿಗೂ ಬೇಕು ಸಾರ್. ಚಾರ್ಜ್ ಮಾಡಿಟ್ಟಿರ್ತೀನಿ, ಸಂಜೆ ಬನ್ನಿ.”

“ಸರಿ, ಮನೆಗೆ ಟ್ಯಾಕ್ಸಿ ಕರೀತೀನಿ.” ಗಂಡ ಫೋನ್ ತೆಗೆದರು.

ಹೆಂಡತಿ ಅದನ್ನು ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿ ಎದ್ದು ನಿಂತರು.

“ನಡೀರಿ!”